ಕತ್ತಲೆ ಕಾಪಾಡುವ ಬೋರ್ಡು

ವಿಶ್ವವಿದ್ಯಾಲಯಕ್ಕೆ ಪತಂಗಗಳ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ದೀಪ ತಗ್ಗಿಸಿ ರಾತ್ರಿಯ ಆಕಾಶ ಉಳಿಸುವ ಕ್ಯಾಂಪಸ್ಸಿಗೆ ಪ್ರಶಸ್ತಿಯೊಂದಿದೆ ಎಂದು ಕುಲಸಚಿವರಿಗೆ ಗೊತ್ತಾದ ವಾರವೇ ಅದು ಉಕ್ಕಿದ್ದು ಬರೀ ಕಾಕತಾಳೀಯ.

ದೀಪಗಳ ವಿನ್ಯಾಸ ಮಾಡುವವಳೊಬ್ಬಳನ್ನು ಕರೆಸಿದರು. ಅವಳು ಸಂಜೆಯೆಲ್ಲ ಸುತ್ತಾಡಿ ನಕ್ಷೆ ಬರೆದಳು. ಮೊಣಕಾಲೆತ್ತರದ ಕಂಬ, ಬೆಳಕು ಮೇಲಕ್ಕೆ ಚೆಲ್ಲದಂತೆ ಟೋಪಿ, ಜೇನುಬಣ್ಣದ ಬಲ್ಬು. ಮೊದಲ ದೀಪವನ್ನೇ ಹಾಸ್ಟೆಲ್ ಅಡುಗೆಮನೆಯ ಹಿಂದಿನ ಕಲ್ಲುಮೆಟ್ಟಿಲಿಗೆ ಗುರುತು ಹಾಕಿದ್ದಳು. ಅಡುಗೆಯ ಹೆಂಗಸರು ಕೆಲಸ ಮುಗಿಸಿ ಮನೆಗಿಳಿಯುವ ದಾರಿ ಅದು.

ಕುಲಸಚಿವರು ಅದನ್ನೇ ಹೊಡೆದುಹಾಕಿದರು. ಅಲ್ಲಿದ್ದ ಹಳೆಯ ದೀಪವನ್ನೂ ಕೀಳಿಸಿದರು. "ಅಲ್ಲಿ ಬಾವಲಿಗಳು ಓಡಾಡ್ತವೆ." ಹೆಂಗಸರೂ ಓಡಾಡುತ್ತಾರೆಂಬುದು ಯಾವ ಸಮೀಕ್ಷೆಗೂ ಸಿಕ್ಕಿರಲಿಲ್ಲ. ಬದಲಿಗೆ ಮುಂಬಾಗಿಲಲ್ಲಿ ದೊಡ್ಡ ಬೋರ್ಡು ಎದ್ದಿತು: ‘ಇಲ್ಲಿ ಕತ್ತಲೆಯನ್ನು ಕಾಪಾಡಲಾಗಿದೆ’. ದೂರದಿಂದಲೂ ಓದಲೆಂದು ಅದಕ್ಕೆ ಕಣ್ಣು ಕುಕ್ಕುವ ಫ್ಲಡ್‌ಲೈಟು. ಬೆಳಿಗ್ಗೆ ಗುಡಿಸುವವಳಿಗೆ ಮೊರದ ತುಂಬ ಸತ್ತ ಪತಂಗಗಳು.

ಸ್ವಲ್ಪ ದಿನಕ್ಕೇ ಅಡುಗೆಮನೆಯ ಯಜಮಾನಿ ದೊಡ್ಡಕ್ಕನ ನಾದಿನಿ ಆ ಮೆಟ್ಟಿಲಲ್ಲಿ ಜಾರಿ ಬಲಗೈ ಮುರಿದುಕೊಂಡಳು. ದೊಡ್ಡಕ್ಕ ನೆಟ್ಟಗೆ ಕುಲಸಚಿವರ ಕೋಣೆಗೆ ನುಗ್ಗಿದಳು.

"ಸಾರ್, ಮೆಟ್ಟಿಲಿಗೊಂದು ದೀಪ ಹಾಕ್ಸಿ."

"ನೋಡಮ್ಮ, ಪರಿಸರ ಅಂದ್ರೆ ಎಲ್ರೂ ಸ್ವಲ್ಪ ತ್ಯಾಗ ಮಾಡ್ಬೇಕು."

"ಮಾಡಿದಾಳಲ್ಲ ಸಾರ್, ಬಲಗೈ! ಇನ್ಯಾರ್ದು ಬೇಕು ನಿಮ್ಗೆ?"

"ಪ್ರಶಸ್ತಿಯವ್ರು ಬಂದು ಹೋಗ್ಲಿ, ಆಮೇಲೆ ನೋಡೋಣ."

ಪ್ರಶಸ್ತಿ ಸಮಿತಿ ಬರುವ ಸಂಜೆ ವಿನ್ಯಾಸಕಿ ಮುಂಬಾಗಿಲಿಗೆ ಬಂದವಳೇ ಹಣೆ ಚಚ್ಚಿಕೊಂಡಳು. "ಸಾರ್, ಈ ಫ್ಲಡ್‌ಲೈಟ್ ನೋಡಿದ್ರೆ ಅವ್ರು ಗೇಟಿಂದಾನೇ ವಾಪಸ್ ಹೋಗ್ತಾರೆ."

ಕುಲಸಚಿವರು ಎಲೆಕ್ಟ್ರಿಷಿಯನ್ನನನ್ನು ಕೂಗಿ ಕರೆದರು. "ಕೀಳಿ, ಕೀಳಿ! ಯಾರೂ ಓಡಾಡದ ಕಡೆ ಬಿಸಾಕಿ!"

ಅವರ ಪ್ರಕಾರ ಯಾರೂ ಓಡಾಡದ ಕಡೆ ಯಾವುದೆಂದು ವಿನ್ಯಾಸಕಿಗೆ ಚೆನ್ನಾಗಿ ಗೊತ್ತಿತ್ತು. ಎಲೆಕ್ಟ್ರಿಷಿಯನ್ನನ ಕೈಯಲ್ಲಿ ಅದನ್ನು ಅಡುಗೆಮನೆಯ ಮೆಟ್ಟಿಲಿಗೆ ಹೊರಿಸಿದಳು. ಒಳಗಿನ ಬಲ್ಬು ತೆಗೆಸಿ ಜೇನುಬಣ್ಣದ ಸಣ್ಣದೊಂದನ್ನು ಹಾಕಿಸಿ, ಮುಖವನ್ನು ನೆಲಕ್ಕೆ ತಿರುಗಿಸಿದಳು. ಟೋಪಿಗೆ ಏನು ಮಾಡುವುದು? ದೊಡ್ಡಕ್ಕ ಒಳಗಿನಿಂದ ತಳ ನುಗ್ಗಾದ ಅಲ್ಯೂಮಿನಿಯಂ ಪಾತ್ರೆ ತಂದು ಮಗುಚಿದಳು. ಮೆಟ್ಟಿಲುಗಳು ಒಂದೊಂದಾಗಿ ಕಂಡವು. ಮೇಲೆ ಆಕಾಶ ಆಕಾಶದ ಪಾಡಿಗಿತ್ತು.

ಸಮಿತಿಯವರು ಕ್ಯಾಂಪಸ್ಸಿನಲ್ಲಿ ತಡವರಿಸುತ್ತ ಕೊನೆಗೆ ಅಲ್ಲಿಗೇ ಬಂದು ಮುಟ್ಟಿದರು. "ಅದ್ಭುತ! ಈ ಪಾತ್ರೆಯ ಕಲ್ಪನೆ ಯಾರದ್ದು?"

"ನಂದೇ," ಎಂದರು ಕುಲಸಚಿವರು, ಸಂಕೋಚದಿಂದ ತಲೆ ತಗ್ಗಿಸಿ.

ಪ್ರಶಸ್ತಿ ಬಂತು. ಮರುದಿನವೇ ಆದೇಶವೂ ಬಂತು: ಆ ದೀಪವನ್ನು ಪಾತ್ರೆಸಮೇತ ಮುಂಬಾಗಿಲಿನ ಬೋರ್ಡಿನ ಪಕ್ಕ ಪ್ರದರ್ಶನಕ್ಕಿಡತಕ್ಕದ್ದು.

ಸಂಜೆ ಎಲೆಕ್ಟ್ರಿಷಿಯನ್ ಏಣಿ ಹೊತ್ತು ಬಂದರೆ, ಮೆಟ್ಟಿಲ ತುಂಬ ಹೆಂಗಸರು. ಮಧ್ಯದಲ್ಲಿ ದೊಡ್ಡಕ್ಕ, ಪಕ್ಕದಲ್ಲಿ ಪಟ್ಟಿ ಕಟ್ಟಿದ ಕೈಯ ನಾದಿನಿ.

"ಅಕ್ಕ, ಏಳ್ರಿ, ನನ್ ಕೆಲ್ಸಕ್ಕೆ ಕುತ್ತು ತರ್ಬೇಡಿ."

"ಕೂತ್ಕೊಳಪ್ಪ ನೀನೂ. ಜಾಗ ಇದೆ."

ಅವನು ಏಣಿ ಒರಗಿಸಿ ಕೂತ. ಅಡುಗೆಮನೆಯ ಒಲೆ ಹೊತ್ತಲಿಲ್ಲ; ಹಾಸ್ಟೆಲಿನವರು ಖಾಲಿ ತಟ್ಟೆ ಬಡಿಯತೊಡಗಿದರು. ಆ ಸದ್ದು ಕುಲಸಚಿವರ ಬಂಗಲೆಗೆ ಮುಟ್ಟಿ, ಅವರು ಓಡೋಡಿ ಬಂದರು.

"ಏನಮ್ಮಾ ಇದು? ಮಕ್ಳು ಉಪವಾಸ ಕೂತಿದಾವೆ!"

"ಪರಿಸರ ಅಂದ್ರೆ ಎಲ್ರೂ ಸ್ವಲ್ಪ ತ್ಯಾಗ ಮಾಡ್ಬೇಕಲ್ಲ ಸಾರ್," ಎಂದಳು ದೊಡ್ಡಕ್ಕ.

ತಟ್ಟೆಗಳ ಸದ್ದು ಬಂಗಲೆಯ ಕಡೆಗೇ ಸರಿಯತೊಡಗಿದಾಗ ಕುಲಸಚಿವರು ಜೇಬಿನಿಂದ ಆದೇಶ ತೆಗೆದು ತಾವೇ ಹರಿದರು.

ಅಂದು ಊಟ ತಡವಾಯಿತು. ಹೆಂಗಸರು ಪಾತ್ರೆ ತೊಳೆದು, ನಾದಿನಿಯನ್ನು ಮುಂದೆ ಬಿಟ್ಟುಕೊಂಡು ಮೆಟ್ಟಿಲಿಳಿದರು. ಬಾವಲಿಗಳು ಎಂದಿನಂತೆ ಹಾರಾಡುತ್ತಿದ್ದವು. ಅವು ದೂರು ಕೊಟ್ಟ ದಾಖಲೆ ಈವರೆಗೆ ಇಲ್ಲ.