ಕೋಟಿನ ಅಂಚು

ಆ ಮನೆಯಲ್ಲಿ ಒಂದು ಗಹನವಾದ ಪ್ರಶ್ನೆ ಎದ್ದು ಮೂರು ದಿನವಾಗಿತ್ತು: ಬಿಳಿ ಕೋಟೊಂದರ ಕೆಳಗಿನ ಅಂಚನ್ನು ಎರಡು ಇಂಚು ಏರಿಸಬೇಕೋ, ಎರಡೂವರೆಯೋ. ದೇಶಗಳ ಗಡಿಯನ್ನು ಇದಕ್ಕಿಂತ ಕಡಿಮೆ ಮಾತಿನಲ್ಲಿ ಎಳೆದದ್ದುಂಟು. ಟೈಲರ್ ಆಗಿದ್ದ ಅಮ್ಮ ಎರಡೂವರೆ ಎಂದಳು. ಬೀಗ ರಿಪೇರಿಯ ಸೋದರಮಾವ ಎರಡು ಎಂದ. ಅಕ್ಕನ ಮಾತಿಗೆ ಅಡ್ಡ ಹೇಳುವುದನ್ನು ಬಿಟ್ಟರೆ ಅವನಿಗೆ ಬೇರೆ ಕಾರಣವಿರಲಿಲ್ಲ. ಕೋಟು ತೊಡಬೇಕಾದ ಹುಡುಗಿಯನ್ನು ಯಾರೂ ಕೇಳಲಿಲ್ಲ.

ಕೋಟು ಅವಳ ಅಣ್ಣನದು. ರಸಾಯನಶಾಸ್ತ್ರದ ಎರಡನೇ ವರ್ಷ ಓದುತ್ತಿದ್ದಾಗ ಒಂಬತ್ತು ದಿನದ ಜ್ವರದಲ್ಲಿ ಹೋದವನು. ಹೋಗಿ ಎರಡು ವರ್ಷವಾಗಿತ್ತು. ತೋಳಿನ ಮೇಲೆ ಆಸಿಡ್ಡು ತಿಂದ ತೂತನ್ನು ಅಮ್ಮ ಎಳೆಗೆ ಎಳೆ ಹೆಣೆದು ರಫು ಮಾಡಿದ್ದಳು. ಅದು ಎಲ್ಲಿತ್ತೆಂದು ತೋರಿಸಲು ಅವಳೇ ಕಿಟಕಿಯ ಬಳಿ ಹೋಗಬೇಕಿತ್ತು. ಅವನ ಪುಸ್ತಕಗಳಿದ್ದವು, ಕೋಟಿತ್ತು, ಹುಡುಗಿ ಶಾಲೆ ಮುಗಿಸಿದ್ದಳು. ಮೂರನ್ನೂ ಕೂಡಿದರೆ ರಸಾಯನಶಾಸ್ತ್ರವೇ ಬರುತ್ತದೆಂದು ಮನೆಯವರ ಎಣಿಕೆ. ಯಾರೂ ಬಲವಂತ ಮಾಡಲಿಲ್ಲ. ಮಾಡಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಹುಡುಗಿಗೂ ರಸಾಯನಶಾಸ್ತ್ರಕ್ಕೂ ಎಣ್ಣೆ ಸೀಗೆಕಾಯಿ. ಅವಳಿಗೆ ಬೇಕಿದ್ದದ್ದು ಭೂಗೋಳ. ಚಿಕ್ಕಂದಿನಲ್ಲಿ ಅಮ್ಮನ ಟೇಪು ಕದ್ದು ಬೀದಿ ಅಳೆದು ಬಂದು, ಬಟ್ಟೆಗೆ ಗುರುತು ಹಾಕುವ ಸುಣ್ಣದ ಬಿಲ್ಲೆಯಲ್ಲಿ ನೆಲದ ಮೇಲೆ ನಕ್ಷೆ ಬರೆಯುತ್ತಿದ್ದಳು. ಚರಂಡಿಯ ತಿರುವಾಗಲಿ, ಬೇಕರಿಯ ಮೆಟ್ಟಿಲಾಗಲಿ ತಪ್ಪುತ್ತಿರಲಿಲ್ಲ. ಅದನ್ನು ತುಳಿಯದೆ ಸುತ್ತು ಹಾಕಿ ಹೋಗುತ್ತಿದ್ದವನು ಅಣ್ಣನೊಬ್ಬನೇ. "ಸರ್ವೇಯರಮ್ಮ, ನಮ್ಮನೆ ಬಾಗ್ಲು ಎಲ್ಲಿಟ್ಟಿದ್ದೀಯ?" ಎಂದು ಕೇಳುತ್ತಿದ್ದ. ಆ ಹೆಸರು ಹಿಡಿದು ಕರೆಯುವವರು ಈಗ ಯಾರೂ ಇರಲಿಲ್ಲ.

ಒಮ್ಮೆ ಅವಳು ಭೂಗೋಳದ ಮಾತೆತ್ತಿದ್ದಳು. "ಭೂಮಿ ದುಂಡಗಿದೆ ಅಂತ ಗೊತ್ತಾಗಿ ಎಷ್ಟೋ ಕಾಲ ಆಯ್ತಲ್ಲೇ. ಇನ್ನೇನು ಉಳಿದಿದೆ ಅಲ್ಲಿ?" ಎಂದು ಮಾವ ತನ್ನ ಮಾತಿಗೆ ತಾನೇ ನಕ್ಕಿದ್ದ. ಅಮ್ಮ ನಕ್ಕಿರಲಿಲ್ಲ, ಕೇಳಿಸಿಕೊಂಡಂತೆಯೂ ಇರಲಿಲ್ಲ.

ಕಾಲೇಜಿಗೆ ಅರ್ಜಿ ಕೊಡಲು ಶನಿವಾರ ಕಡೆಯ ದಿನ. ಶುಕ್ರವಾರ ಮಧ್ಯಾಹ್ನ ಹುಡುಗಿ 'ಮುಖ್ಯ ವಿಷಯ' ಎಂಬಲ್ಲಿ ಭೂಗೋಳ ಎಂದು ಬರೆದು, ಅರ್ಜಿಯನ್ನು ನಾಲ್ಕಾಗಿ ಮಡಚಿ ಕೋಟಿನ ಜೇಬಿನಲ್ಲಿಟ್ಟುಕೊಂಡು, ಅಳತೆಗೆಂದು ಸ್ಟೂಲು ಹತ್ತಿ ನಿಂತಳು. ಅಮ್ಮನ ಬಾಯಲ್ಲಿ ಗುಂಡುಪಿನ್ನುಗಳಿರುವಾಗಲೇ ಹೇಳಿಬಿಡುವುದು ಅವಳ ಉಪಾಯ. ಪಿನ್ನು ಮುಗಿಯುವ ತನಕ ಉತ್ತರ ಬರುವಂತಿಲ್ಲ.

ಅಮ್ಮ ಮಂಡಿಯೂರಿ ಅಂಚು ಮಡಚತೊಡಗಿದಳು. ಹೊಲಿಗೆಯಲ್ಲಿ ಅವಳದೊಂದು ಕಟ್ಟುನಿಟ್ಟು: ಬೆಳೆಯುವ ಮಕ್ಕಳ ಬಟ್ಟೆಯಾದರೆ ಮಿಕ್ಕದ್ದನ್ನು ಒಳಗೆ ಮಡಚಿ ಹೊಲಿ, ಮುಂದೆ ಬಿಚ್ಚಬಹುದು, ಬೆಳೆದು ನಿಂತವರದಾದರೆ ಕತ್ತರಿಸು. ದಪ್ಪ ಅಂಚು ಹೊತ್ತು ತಿರುಗುವ ದೊಡ್ಡವರನ್ನು ಕಂಡರೆ ಅವಳಿಗಾಗದು. ಹುಡುಗಿಯ ಎತ್ತರ ನಿಂತು ಮೂರು ವರ್ಷವಾಗಿತ್ತು.

ದೊಡ್ಡ ಮಾತಿಗೊಂದು ಪೀಠಿಕೆಯಿರಲಿ ಎಂದು ಹುಡುಗಿ, "ಯಾಕಮ್ಮ ಮಡಚ್ತಿದ್ದೀಯ? ದೊಡ್ಡವರದು ಕತ್ತರಿಸ್ಬೇಕು ಅಂತೀಯಲ್ಲ. ನಾನಿನ್ನು ಬೆಳೆಯಲ್ಲ" ಎಂದಳು.

ಅಮ್ಮ ಪಿನ್ನುಗಳನ್ನು ತುಟಿಯ ಮೂಲೆಗೆ ಸರಿಸಿ, ತಲೆಯೆತ್ತದೆ, "ಕತ್ತರಿಸಿದ್ರೆ ಆಮೇಲೆ ಅವನಿಗೆ ಗಿಡ್ಡ ಆಗಲ್ವೇನೇ" ಎಂದಳು.

ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಅಮ್ಮ ಇನ್ನೊಂದು ಪಿನ್ನು ಚುಚ್ಚಿದಳು. ಮತ್ತೊಂದಕ್ಕೆ ಹೋದ ಕೈ ಅಲ್ಲೇ ನಿಂತಿತು. ತಾನು ಹೇಳಿದ್ದು ಅವಳಿಗೆ ಆಗ ಕೇಳಿಸಿತು. ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. ಟೇಪು ಹಿಡಿದು, ಅಳೆದದ್ದನ್ನೇ ಮತ್ತೆ ಅಳೆದಳು.

"ಎಷ್ಟು ಬಂತಮ್ಮ?" ಎಂದು ಹುಡುಗಿ ಕೇಳಿದಳು.

"ಎರಡೂವರೆ."

"ಹಾಗಾದ್ರೆ ಮಾವಂದೇ ತಪ್ಪು."

ಜೇಬಿನ ಮೇಲಿಟ್ಟ ಕೈಯನ್ನು ಅವಳು ಸ್ಟೂಲಿನಿಂದ ಇಳಿಯುವ ತನಕ ತೆಗೆಯಲಿಲ್ಲ.

ಅರ್ಜಿಯಲ್ಲಿ ಹೊಡೆದುಹಾಕಿ ತಿದ್ದುವಂತಿರಲಿಲ್ಲ. ಶನಿವಾರ ಬೆಳಿಗ್ಗೆ ಮಾವನೇ ಹೋಗಿ ಹೊಸದೊಂದು ತಂದುಕೊಟ್ಟ. ಒಂದು ಹಾಳೆ ತುಂಬಲು ಎರಡು ಹಾಳೆ ಬೇಕಾದವಳು ಪ್ರಯೋಗಶಾಲೆಯಲ್ಲಿ ಏನೇನು ಸಿಡಿಸುತ್ತಾಳೋ ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದ. ಹುಡುಗಿ ರಸಾಯನಶಾಸ್ತ್ರಕ್ಕೆ ಸೇರಿದಳು. ಅಂಚನ್ನು ಕತ್ತರಿಸಲಿಲ್ಲ.