ಇವಳು ನನ್ನ ಸೊಸೆ

ಸೊಸೆ ಹುಟ್ಟಿದ್ದು ಇದೇ ಊರಿನಲ್ಲಿ. ಗಡಿಯಾಚೆಯಿಂದ ಬಂದವನು ಅವಳ ಅಜ್ಜ; ಮುಖ ಮಾತ್ರ ಅಜ್ಜನದೇ. ಔಷಧಿ ಅಂಗಡಿಯಲ್ಲಿ ಅವಳಿಗೆ ಕೆಲಸ. ಗಂಡ ಹಡಗಿನಲ್ಲಿ ಕೆಲಸ ಮಾಡುವವನು, ಹಡಗುಗಳು ನಿಂತುಹೋಗಿ ದೂರದ ಬಂದರಿನಲ್ಲಿ ಸಿಕ್ಕಿಹಾಕಿಕೊಂಡಿದ್ದ. ಮನೆಯಲ್ಲಿ ಅವಳು, ಬಟ್ಟೆ ಹೊಲಿಯುವ ಅತ್ತೆ, ಇಬ್ಬರೇ.

ರೋಗ ಹಬ್ಬುತ್ತಿದ್ದಾಗ ಮಂತ್ರಿ ಟೀವಿಯಲ್ಲಿ, "ಇದು ಗಡಿಯಾಚೆಯವರ ಕಾಯಿಲೆ. ಅವರ ಮುಖ ನಿಮಗೇ ಗೊತ್ತಲ್ಲ" ಎಂದು ನಕ್ಕ. ಸಂಜೆಯೊಳಗೆ ಆ ಮಾತು ಎಲ್ಲರ ಫೋನಿಗೂ ಬಂದಿತ್ತು.

ಮರುದಿನ ಬಸ್ಸಿನಲ್ಲಿ ಸೊಸೆ ಮಾಸ್ಕಿನೊಳಗೇ ಕೆಮ್ಮಿದಳು. ಯಾರೋ ಫೋಟೋ ಹೊಡೆದು, ಮಂತ್ರಿಯ ಮಾತನ್ನೇ ತಲೆಬರಹ ಮಾಡಿ ಫೇಸ್‌ಬುಕ್ಕಿಗೆ ಹಾಕಿದರು. ಕೆಳಗೆ ಸಾಲುಸಾಲು ನಗುವ ಮುಖಗಳು. 'ಇಳಿಸಿ ಒದೀಬೇಕಿತ್ತು' ಎಂದು ಬರೆದಿದ್ದಳು ಮೇಲ್ಮಹಡಿಯ ಟೀಚರಮ್ಮ.

ಅತ್ತೆ ಅದನ್ನು ನೋಡಿ ಫೋನು ಕೈಗೆತ್ತಿಕೊಂಡಳು. ಒಂದೊಂದೇ ಅಕ್ಷರ ಒತ್ತಿ ಬರೆದಳು: 'ಇವಳು ನನ್ನ ಸೊಸೆ. ನಿಮಗೆ ಮಾತ್ರೆ ಕೊಡೋಳು. ಕೆಮ್ಮು ಬಂದ್ರೆ ಕೆಮ್ಮಬಾರದಾ?'

ಕೆಲವರು ಭೇಷ್ ಎಂದರು. ಬಸ್ಸಿನ ಡ್ರೈವರ್, 'ಆಯಮ್ಮ ಮಾಸ್ಕ್ ತೆಗೆದೇ ಇಲ್ಲ' ಎಂದು ಬರೆದ. ಎಷ್ಟು ದುಡ್ಡು ತಿಂದೆ ಎಂದು ಅವನ ಮೇಲೂ ಮುಗಿಬಿದ್ದರು. ಅಷ್ಟರಲ್ಲಿ ಯಾರೋ ಅತ್ತೆಯ ಪುಟ ಕೆದಕಿ ಮನೆಯ ಬಾಗಿಲಿನ ಚಿತ್ರ ಹಾಕಿಬಿಟ್ಟರು. ಅಂಗಡಿಯ ಯಜಮಾನನ ಫೋನು ಬಂತು: "ಸ್ವಲ್ಪ ದಿನ ಬರಬೇಡಮ್ಮ. ನನಗೇನಿಲ್ಲ, ಗಿರಾಕಿಗಳು ಬಿಡಲ್ಲ."

"ಅತ್ತೆ, ಅದನ್ನ ಅಳಿಸಿಬಿಡಿ" ಎಂದಳು ಸೊಸೆ.

"ಸುಳ್ಳೇನು ಬರೆದೆ ನಾನು?"

"ಸುಳ್ಳಲ್ಲ. ಮುಂಚೆ ಬರೀ ಮುಖ ಗೊತ್ತಿತ್ತು. ಈಗ ಮನೇನೂ ಗೊತ್ತಾಯ್ತು."

ಅತ್ತೆ ಅಳಿಸಿದಳು. ಆಮೇಲೆ ಮೆಟ್ಟಿಲು ಹತ್ತಿ ಟೀಚರಮ್ಮನ ಬಾಗಿಲು ತಟ್ಟಿದಳು.

"ನಿಮ್ಮ ಸೊಸೆ ಅಂತ ಗೊತ್ತಾಗ್ಲಿಲ್ಲ" ಎಂದಳು ಟೀಚರಮ್ಮ, ಬಾಗಿಲ ಸಂದಿಯಿಂದಲೇ.

"ಬೇರೆ ಯಾರಾದ್ರೂ ಆಗಿದ್ರೆ ಒದೀಬಹುದಿತ್ತಾ?"

ಬಾಗಿಲು ಮುಚ್ಚಿಕೊಂಡಿತು.

ಆ ವಾರ ಸೊಸೆಗೆ ನಿಜವಾಗಿಯೂ ಜ್ವರ ಬಂತು. "ಆಸ್ಪತ್ರೆ ಬೇಡ, ಅಲ್ಲೂ ಫೋಟೋ ಹೊಡೀತಾರೆ" ಎಂದು ಹಟ ಹಿಡಿದಳು. ಉಸಿರು ಕಟ್ಟತೊಡಗಿದಾಗಲೇ ಒಪ್ಪಿದ್ದು. ಆಂಬುಲೆನ್ಸ್ ಬಂದಾಗ ಕಿಟಕಿ ಕಿಟಕಿಯಲ್ಲೂ ಫೋನುಗಳು ಮೇಲೆದ್ದವು. ಅತ್ತೆ ಹಾಸಿಗೆಯ ಚಾದರವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಸೊಸೆಯ ಮುಖಕ್ಕೆ ಮರೆಯಾಗಿ ಸ್ಟ್ರೆಚರಿನ ಪಕ್ಕದಲ್ಲೇ ಓಡಿದಳು.

ಸೊಸೆ ಬದುಕಿ ಬಂದಳು. ಅಂಗಡಿಯಲ್ಲಿ ಅವಳ ಜಾಗಕ್ಕೆ ಬೇರೆಯವಳಿದ್ದಳು. ಈಗ ಸೊಸೆ ಊರಾಚೆಯ ಗೋದಾಮಿನಲ್ಲಿ, ಗಿರಾಕಿಗಳು ಯಾರೂ ಕಾಲಿಡದ ಕಡೆ, ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತಾಳೆ. ರೋಗ ಹೋಗಿದೆ, ಅವಳು ಮಾಸ್ಕ್ ತೆಗೆದಿಲ್ಲ.