ಉಜ್ಜುವ ಕಲ್ಲು

ಬೆನಿತಾ ಅಡುಗೆಮನೆಯ ನೆಲದ ಮೇಲೆ ಕಾಫಿ ಡಬ್ಬ ಬೋರಲು ಹಾಕಿದಳು. ಗುಂಡಿ, ದಾರ, ನಾರಿನ ಕುಂಚ ಉರುಳಿ ಬಿದ್ದವು. ಕಲ್ಲು ಮಾತ್ರ ಇರಲಿಲ್ಲ.

ಬೆಳಿಗ್ಗೆ ಗಂಡಸರು ಅವಳ ಅವ್ವ ಯುಸೇಬಿಯಾಳನ್ನು ಕಂಬಳಿಯಲ್ಲಿ ಸುತ್ತಿ ಒಯ್ದು ಮಣ್ಣು ಮಾಡಿ ಬಂದಿದ್ದರು. ಹೆಂಗಸರು ಅಂಗಳದ ಗೂಡೊಲೆಯಿಂದ ರೊಟ್ಟಿ ತೆಗೆಯುತ್ತ, ಯುಸೇಬಿಯಾ ಮಾಡಿದ ಗಡಿಗೆಯಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು ಎಂದು ಹೊಗಳುತ್ತಿದ್ದರು. ಬದುಕಿದ್ದಾಗ ಜಂಬದವಳು ಎಂದು ಮೂಗು ಮುರಿದವರೂ ಇವರೇ.

ನೆರೆಮನೆಯ ಡೆಲ್ಫಿನಾ ರೊಟ್ಟಿ ಇಡಲು ಒಳಬಂದಳು. "ಏನೇ ಇದು, ಅವ್ವ ಹೋದ ದಿನಾನೇ ಕೋಳಿ ಥರ ಕೆದಕ್ತಾ ಕೂತಿದ್ದೀಯ?"

"ಅವ್ವನ ಉಜ್ಜೋ ಕಲ್ಲು ಕಾಣ್ತಿಲ್ಲ ಅತ್ತೆ."

"ಮಣ್ಣೇ ಮುಟ್ಟದವಳಿಗೆ ಅದ್ಯಾಕೀಗ?"

ಬೆನಿತಾ ಗುಂಡಿ, ದಾರಗಳನ್ನು ಮತ್ತೆ ಡಬ್ಬಕ್ಕೆ ತುಂಬತೊಡಗಿದಳು.

*

ಮೂಲನಿವಾಸಿಗಳ ಆ ಊರಲ್ಲಿ, ಪ್ಯೂಬ್ಲೊದಲ್ಲಿ, ಎಲ್ಲರಿಗೂ ಅವಳು ಸಾಂತಾ ಫೆ ರಸ್ತೆಯ ಜೂಜುಮನೆಯಲ್ಲಿ ತಟ್ಟೆ ಹೊರುವವಳು. ಆದರೆ ಹೋದ ಚಳಿಗಾಲದಲ್ಲಿ, ರಜೆ ಸಿಕ್ಕಾಗಲೆಲ್ಲ, ಅವ್ವ ಬಾಗಿಲು ಹಾಕಿಕೊಂಡು ಅವಳಿಗೆ ಮಣ್ಣಿನ ಸುರುಳಿ ಹೊಸೆದು ಒಂದರ ಮೇಲೊಂದು ಏರಿಸಿ ಗಡಿಗೆ ಕಟ್ಟುವುದನ್ನು ಕಲಿಸಿದ್ದಳು. ಕೊನೆಗೆ ಕೆಂಪುಮಣ್ಣಿನ ನೀರು ಬಳಿದು, ಅದು ಆರುವ ಮೊದಲೇ ಕಲ್ಲಿನಿಂದ ಉಜ್ಜಿ ಹೊಳಪು ತರಬೇಕು. ಆ ಕಲ್ಲು ಯುಸೇಬಿಯಾಳ ಅಜ್ಜಿಯದು, ಬಹುಶಃ ಆ ಅಜ್ಜಿಯ ಅಜ್ಜಿಯದೂ ಹೌದು. ಹೊಸ ಕಲ್ಲು ಆ ನುಣುಪಿಗೆ ಬರಲು ಒಬ್ಬಳ ಆಯುಸ್ಸು ಸಾಲದು.

"ಯಾರಿಗೂ ಹೇಳ್ಬೇಡ," ಎಂದಿದ್ದಳು ಅವ್ವ. "ನಿಮ್ಮ ಮಾವಂಗೂ. ಬೆಂಕೀಲಿ ಉಳ್ಕೊಂಡು ಬರೋ ತನಕ ಗಡಿಗೆ ಸುದ್ದಿ ಆಡಬಾರದು. ಆಡಿದ್ರೆ ಒಡೆಯುತ್ತೆ."

ಬೆನಿತಾಳ ಮೊದಲ ಗಡಿಗೆ ಮಂಚದ ಕೆಳಗೆ ಒಣಗಿ ಕೂತಿತ್ತು. ಬಳಿದು ಉಜ್ಜುವುದೊಂದು ಬಾಕಿ. ಅಷ್ಟರಲ್ಲಿ ಅವ್ವನ ಉಸಿರೇ ನಿಂತಿತು.

*

ಊಟಕ್ಕೆ ಕೂತಿದ್ದ ಸೋದರಮಾವ ಕ್ಲಿಯೋಫಾಸ್‌ನನ್ನು ಅವಳು ಕಲ್ಲೆಲ್ಲಿ ಎಂದು ಕೇಳಿದಳು. ಅವನು ಮೆಣಸಿನಕಾಯಿ ಸಾರಿನ ಬಟ್ಟಲು ಕೆಳಗಿಟ್ಟ.

"ಮಣ್ಣು ಮಾಡೋವಾಗ ಅಕ್ಕನ ಕೈಯಲ್ಲೇ ಇಟ್ಟೆ ಮಗಾ. ಇನ್ಯಾರಿಗೆ ಕೊಡ್ಲಿ? ನಮ್ಮನೇಲಿ ಮಣ್ಣಿನ ಕೆಲಸ ಅವಳಿಗೇ ಮುಗೀತು ಅಂದ್ಕೊಂಡೆ."

ಬೆನಿತಾ ಗಡಿಗೆಯನ್ನು ತಂದು ಅವನ ಮುಂದಿಟ್ಟಳು. ಮುದುಕ ಅದರ ಅಂಚಿನ ಮೇಲೆ ಬೆರಳಾಡಿಸಿದ. ಅಕ್ಕನ ಕೈಯ ತಿರುವೇ ಅಲ್ಲಿತ್ತು. ಅವನು ಅತ್ತುಬಿಟ್ಟ.

"ಗೋರಿ ಮಣ್ಣಿನ್ನೂ ಸಡಿಲ ಇದೆ," ಎಂದ, ಬೇರೆ ಯಾರಿಗೂ ಕೇಳದಂತೆ.

ಅವಳಿಗೆ ಹೂಂ ಎನ್ನಬೇಕೆನಿಸಿತು. ಅಂಥ ಆಸೆ ಬಂದದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. "ಬೇಡ ಮಾವ. ಅವ್ವನ ಕೈ ಬಿಡಿಸೋದು ಬೇಡ."

ಕ್ಲಿಯೋಫಾಸ್ ಊಟ ಬಿಟ್ಟೆದ್ದು ನದಿಗೆ ಹೋದ. ಸಂಜೆಗೆ ಟೋಪಿ ತುಂಬ ಕಲ್ಲು ಆರಿಸಿ ತಂದ. ಬೆನಿತಾ ಕೆಂಪು ಬಳಿದು, ಒಂದು ಕಲ್ಲನ್ನು ಅವ್ವ ತೋರಿಸಿದಂತೆ ಹಿಡಿದು ಎಳೆದಳು. ಕೆಂಪು ಹರಿದು ಒಳಗಿನ ಬಿಳಿಮಣ್ಣು ಗೀರಾಗಿ ಕಂಡಿತು. ಇನ್ನೊಂದು ಕಲ್ಲು. ಇನ್ನೊಂದು ಗೀರು. ಬಳಿದದ್ದು ಕಣ್ಣೆದುರೇ ಮಂಕಾಗಿ ಆರತೊಡಗಿತು. ಮಾವ ಟೋಪಿ ಚಾಚಿಕೊಂಡೇ ನಿಂತಿದ್ದ. ಅವಳು ಮತ್ತೊಂದು ಕಲ್ಲಿಗೆ ಕೈ ಹಾಕಿದಳು.